ಪ್ಲೇಸ್ ಅಂಡ್ ರೂಟ್‌ಗೂ ಮೊದಲೇ ಡಿಲೇ ಊಹಿಸುವುದು: ಎಮ್ಯುಲೇಶನ್‌ನಲ್ಲಿ ಮಷಿನ್ ಲರ್ನಿಂಗ್ ಎಷ್ಟು ನಂಬಬಹುದು?

ನೆಟ್‌ಲಿಸ್ಟ್ ಓದುಗ

ಎಲ್ಲರಿಗೂ ನಮಸ್ಕಾರ. ಎಫ್‌ಪಿಜಿಎ ಎಮ್ಯುಲೇಟರ್‌ಗೆ (ಬೇಕಾದ ಹಾಗೆ ಬದಲಿಸಬಹುದಾದ ಚಿಪ್‌ಗಳ ಮೇಲೆ, ಇನ್ನೂ ತಯಾರಾಗದ ಚಿಪ್‌ನ ಡಿಸೈನನ್ನು ಓಡಿಸಿ ನೋಡುವ ಯಂತ್ರ) ದೊಡ್ಡ ಡಿಸೈನ್‌ಗಳನ್ನು ಕಂಪೈಲ್ ಮಾಡುವ ಕೆಲಸ ನನ್ನದು. ಕೆಲವು ತಿಂಗಳಿಂದ ಒಂದೇ ವಿಷಯ ತಲೆಯಲ್ಲಿ ಕೂತಿದೆ. ಇದೇ ಕೆಲಸದವರು ಇಲ್ಲಿ ಇದ್ದೀರಿ ಅಂತ ಗೊತ್ತು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಫ್ಲೋದಲ್ಲಿ ಹೊಸದೇನಿಲ್ಲ. ಆರ್‌ಟಿಎಲ್ (ಚಿಪ್‌ನ ಕೋಡ್) ಸಿಂಥೆಸಿಸ್ ಆಗಿ ಲಾಜಿಕ್ ಸೆಲ್‌ಗಳ ಜಾಲವಾಗುತ್ತದೆ. ಆಮೇಲೆ ಡಿಸೈನನ್ನು ಹತ್ತಾರು ಎಫ್‌ಪಿಜಿಎಗಳಿಗೆ ಹಂಚಬೇಕು. ಯಾವ ಸಿಗ್ನಲ್ ಯಾವ ಕೇಬಲ್ ಮೇಲೆ ಹೋಗಬೇಕು, ಒಂದು ಪಿನ್ ಮೇಲೆ ಎಷ್ಟು ಸಿಗ್ನಲ್‌ಗಳು ಸರದಿಯಲ್ಲಿ ಹೋಗಬೇಕು ಅಂತ ತೀರ್ಮಾನ ಮಾಡಬೇಕು. ಕೊನೆಗೆ ಪ್ರತಿ ಎಫ್‌ಪಿಜಿಎಗೂ ಪ್ಲೇಸ್ ಅಂಡ್ ರೂಟ್, ಅಂದರೆ ಸೆಲ್‌ಗಳನ್ನು ಕೂರಿಸಿ ವೈರ್ ಎಳೆಯುವುದು. ರಾತ್ರಿಯಿಡೀ ಓಡುವುದು ಈ ಕೊನೆಯ ಹಂತವೇ. ಆದರೆ ಯಾವ ಪಾತ್ (ಸಿಗ್ನಲ್ ಹಾದುಹೋಗುವ ದಾರಿ) ನಿಧಾನ ಅನ್ನುವುದು ಹಂಚುವಾಗಲೇ ಗೊತ್ತಿರಬೇಕು. ವೈರ್ ಎಲ್ಲಿ ಹಾಯುತ್ತದೆ ಅನ್ನುವುದೋ ರೂಟ್ ಆದ ಮೇಲಷ್ಟೇ ತಿಳಿಯುತ್ತದೆ. ಲಟ್‌ನ (ಎಫ್‌ಪಿಜಿಎ ಒಳಗಿನ ಸಣ್ಣ ಲಾಜಿಕ್ ಘಟಕ) ಡಿಲೇ ಹೆಚ್ಚು ಕಡಿಮೆ ಸ್ಥಿರ. ವೈರ್ ಹಾಗಲ್ಲ. ಪಕ್ಕದ ಲಟ್‌ಗೆ ಹೋದರೆ ಒಂದು ಲೆಕ್ಕ, ಚಿಪ್‌ನ ಆ ತುದಿಗೆ ಹೋದರೆ ಇನ್ನೊಂದು ಲೆಕ್ಕ.

ಇಷ್ಟು ದಿನ ನಾವು ಹಳೇ ಪದ್ಧತಿಯಲ್ಲೇ ಇದ್ದೆವು. ಫ್ಯಾನ್‌ಔಟ್ (ಒಂದು ಸಿಗ್ನಲ್ ಎಷ್ಟು ಕಡೆ ಹೋಗುತ್ತದೆ) ನೋಡು, ಟೇಬಲ್‌ನಿಂದ ಒಂದು ಅಂಕಿ ತೆಗೆದುಕೋ, ಲಾಜಿಕ್ ಲೆವೆಲ್‌ಗಳನ್ನೆಲ್ಲ (ಪಾತ್‌ನಲ್ಲಿ ಒಂದರ ಹಿಂದೆ ಒಂದು ಬರುವ ಲಟ್‌ಗಳನ್ನು) ಕೂಡಿಸು. ಇದರ ಬದಲು, ಮುಗಿದ ಕಂಪೈಲ್‌ಗಳ ಟೈಮಿಂಗ್ ರಿಪೋರ್ಟ್‌ಗಳನ್ನು ಒಟ್ಟು ಹಾಕಿ ಗ್ರೇಡಿಯಂಟ್ ಬೂಸ್ಟಿಂಗ್ ಮಾಡೆಲ್ ಒಂದಕ್ಕೆ ಕಲಿಸಿದೆ. ಕೊಟ್ಟ ಫೀಚರ್‌ಗಳು ಇಷ್ಟು: ಫ್ಯಾನ್‌ಔಟ್, ಎರಡೂ ತುದಿಯ ಸೆಲ್ ಯಾವ ಬಗೆಯದು (ಲಟ್, ಫ್ಲಾಪ್, ಬ್ಲಾಕ್ ರ‍್ಯಾಮ್, ಡಿಎಸ್‌ಪಿ), ಹೈರಾರ್ಕಿಯಲ್ಲಿ ಎರಡು ತುದಿಗಳ ನಡುವೆ ಎಷ್ಟು ದೂರ, ಆ ಎಫ್‌ಪಿಜಿಎ ಎಷ್ಟು ತುಂಬಿದೆ.

ಟೆಸ್ಟ್ ಸೆಟ್‌ನಲ್ಲಿ ಫಲಿತಾಂಶ ತುಂಬಾ ಚೆನ್ನಾಗಿ ಬಂತು. ಖುಷಿಯಿಂದ ಹೊಸ ಡಿಸೈನ್ ಒಂದಕ್ಕೆ ಹಾಕಿದೆ. ಅಲ್ಲಿ ಕೈ ಕೊಟ್ಟಿತು. ನಿಜವಾಗಿ ಅತಿ ನಿಧಾನವಾಗಿದ್ದ ಪಾತ್‌ಗಳಲ್ಲಿ ಹೆಚ್ಚಿನವು ಮಾಡೆಲ್ ಕೊಟ್ಟ ಪಟ್ಟಿಯ ಮೇಲ್ಭಾಗದಲ್ಲಿ ಇರಲೇ ಇಲ್ಲ. ಹಳೇ ಟೇಬಲ್‌ಗಿಂತ ವಾಸಿ ಅಂತ ಎದೆ ತಟ್ಟಿ ಹೇಳುವ ಹಾಗೂ ಇರಲಿಲ್ಲ.

ಇದನ್ನು ಯಾರಾದರೂ ಸರಿಯಾಗಿ ನಡೆಸಿದ್ದೀರಾ? ಎಲ್ಲಿ ತಪ್ಪುತ್ತಿದ್ದೇನೆ?

ವೇವ್‌ಫಾರ್ಮ್

ನಾನು ವೆರಿಫಿಕೇಶನ್ ಕಡೆಯವಳು. ಬುಡದ ಪ್ರಶ್ನೆ ಒಂದು ಕೇಳುತ್ತೇನೆ. ಎಮ್ಯುಲೇಟರ್‌ನಲ್ಲಿ ನಮಗೆ ಬೇಕಿರುವುದು ಫಂಕ್ಷನ್ ಸರಿ ಇದೆಯಾ ಅನ್ನುವುದು, ಅಲ್ವಾ? ಎಫ್‌ಪಿಜಿಎ ಒಳಗಿನ ಡಿಲೇಗೂ ಕೊನೆಗೆ ಬರುವ ಚಿಪ್‌ನ ಡಿಲೇಗೂ ಸಂಬಂಧವೇ ಇಲ್ಲ. ಹೀಗಿರುವಾಗ ಅದರ ಮೇಲೆ ಇಷ್ಟು ಶ್ರಮ ಯಾಕೆ?

ನೆಟ್‌ಲಿಸ್ಟ್ ಓದುಗ

ಚಿಪ್‌ನ ಡಿಲೇಗೆ ಸಂಬಂಧ ಇಲ್ಲ, ಅದು ನಿಜ. ಇದು ಎಮ್ಯುಲೇಟರ್ ಎಷ್ಟು ವೇಗದಲ್ಲಿ ಓಡುತ್ತದೆ ಅನ್ನುವುದರ ಪ್ರಶ್ನೆ. ಎಲ್ಲಕ್ಕಿಂತ ಉದ್ದದ ಪಾತ್ ಎಷ್ಟು ಸಮಯ ತೆಗೆದುಕೊಳ್ಳುತ್ತದೋ ಅದೇ ಕ್ಲಾಕ್‌ನ ಮಿತಿ.

ಆಪರೇಟಿಂಗ್ ಸಿಸ್ಟಮ್ ಬೂಟ್ ಆಗಲು 100 ಕೋಟಿ ಸೈಕಲ್ ಬೇಕು ಅಂತ ಇಟ್ಟುಕೊಳ್ಳಿ. ಪೂರ್ತಿ ಚಿಪ್‌ನ ಆರ್‌ಟಿಎಲ್ ಸಿಮ್ಯುಲೇಶನ್ 100 ಹರ್ಟ್ಸ್‌ನಲ್ಲಿ ಓಡಿದರೆ ಅದಕ್ಕೆ ಸುಮಾರು 116 ದಿನ ಬೇಕು. 1 ಮೆಗಾಹರ್ಟ್ಸ್ ಎಮ್ಯುಲೇಟರ್‌ನಲ್ಲಿ 17 ನಿಮಿಷ ಸಾಕು. ಅದನ್ನೇ 1.2 ಮೆಗಾಹರ್ಟ್ಸ್‌ಗೆ ಏರಿಸಿದರೆ 14 ನಿಮಿಷ. ದಿನಕ್ಕೆ ಎಷ್ಟೋ ಸಲ ಬೂಟ್ ಮಾಡುವ ನಿಮ್ಮ ತಂಡಕ್ಕೆ ಆ ಮೂರು ನಿಮಿಷ ಸಣ್ಣದಲ್ಲ.

ವೇವ್‌ಫಾರ್ಮ್

ಈಗ ಅರ್ಥವಾಯಿತು. ಧನ್ಯವಾದ. ಪ್ರೊಸೆಸರ್ ಆಧಾರಿತ ಎಮ್ಯುಲೇಟರ್‌ಗಳಿಗೂ ಇದೇ ತಲೆನೋವು ಇದೆಯಾ?

ಹಳೇ ರೂಟರ್

ಈ ರೂಪದಲ್ಲಿ ಇಲ್ಲ. ಪ್ಯಾಲೇಡಿಯಂ ತರಹದ ಯಂತ್ರದಲ್ಲಿ ಸಾವಿರಾರು ಸಣ್ಣ ಪ್ರೊಸೆಸರ್‌ಗಳು ಲಾಜಿಕ್ಕನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತವೆ. ಯಾವ ಹೆಜ್ಜೆಯಲ್ಲಿ ಏನು ಅಂತ ಕಂಪೈಲರ್ ಮೊದಲೇ ಬರೆದಿಟ್ಟಿರುತ್ತದೆ. ಹೆಜ್ಜೆ ಎಣಿಸಿದರೆ ವೇಗ ಗೊತ್ತಾಗುತ್ತದೆ. ವೈರ್ ಎಲ್ಲಿ ಹಾಯುತ್ತದೋ ಅನ್ನುವ ಚಿಂತೆ ಎಫ್‌ಪಿಜಿಎ ಇರುವ ಕಡೆ ಮಾತ್ರ.

ಸ್ಲ್ಯಾಕ್ ಸೊನ್ನೆ

ನನ್ನದು ಬೇರೆ ಅಭಿಪ್ರಾಯ. ನೀವು ಊಹಿಸಲು ಹೊರಟಿರುವ ಭಾಗವೇ ಸಣ್ಣದು.

ಲೆಕ್ಕ ಹಾಕಿ ನೋಡಿ. ಒಂದು ಪಾತ್ ಮೂರು ಎಫ್‌ಪಿಜಿಎ ದಾಟುತ್ತದೆ. ಮೊದಲನೆಯದರಲ್ಲಿ 12 ಲೆವೆಲ್, ಎರಡನೆಯದರಲ್ಲಿ 9, ಮೂರನೆಯದರಲ್ಲಿ 7. ಒಟ್ಟು 28. ಒಂದು ಲೆವೆಲ್‌ಗೆ ಲಟ್ ಮತ್ತು ವೈರ್ ಸೇರಿ 0.6 ನ್ಯಾನೋ ಸೆಕೆಂಡ್ ಅಂದುಕೊಳ್ಳೋಣ. ಒಳಗಿನದು 16.8 ಆಯಿತು. ಈಗ ಹೊರಗಿನದು. ಪಿನ್ ಸೆಕೆಂಡಿಗೆ 1 ಗಿಗಾಬಿಟ್ ಕಳಿಸುತ್ತದೆ. ಮೊದಲ ಜಿಗಿತದಲ್ಲಿ ಟಿಡಿಎಂ ರೇಶಿಯೋ (ಒಂದು ಪಿನ್ ಮೇಲೆ ಸರದಿಯಲ್ಲಿ ಹೋಗುವ ಸಿಗ್ನಲ್‌ಗಳ ಸಂಖ್ಯೆ) 64, ಎರಡನೆಯದರಲ್ಲಿ 32. ಅಂದರೆ 96 ನ್ಯಾನೋ ಸೆಕೆಂಡ್. ಸೀರಿಯಲ್ ಮಾಡಿ ಮತ್ತೆ ಬಿಚ್ಚಲು ಜಿಗಿತಕ್ಕೆ 20ರಂತೆ ಇನ್ನೂ 40. ಎಲ್ಲ ಸೇರಿ 152.8. ಅಂದರೆ ಸುಮಾರು 6.5 ಮೆಗಾಹರ್ಟ್ಸ್.

ನಿಮ್ಮ ಮಾಡೆಲ್ ಒಳಗಿನದನ್ನು ಶೇ 20ರಷ್ಟು ತಪ್ಪಿದರೂ ಒಟ್ಟಿನಲ್ಲಿ ವ್ಯತ್ಯಾಸ 3.4 ನ್ಯಾನೋ ಸೆಕೆಂಡ್, ಶೇ 2ರ ಆಸುಪಾಸು. ಟಿಡಿಎಂ ಕಡೆ ಗಮನ ಕೊಟ್ಟರೆ ಜಾಸ್ತಿ ಲಾಭ. ಇದು ಹೊಸ ಮಾತೂ ಅಲ್ಲ. 1993ರಲ್ಲಿ ಎಂಐಟಿಯ ಬಾಬ್, ಟೆಸಿಯರ್, ಅಗರ್‌ವಾಲ್ ವರ್ಚುಯಲ್ ವೈರ್ಸ್ ಅಂತ ಒಂದು ಪ್ರಬಂಧ ಬರೆದರು. ಪಿನ್ ಸಾಲದು, ಒಂದೇ ತಂತಿಯನ್ನು ಸರದಿಯಲ್ಲಿ ಹಂಚಿಕೊಳ್ಳೋಣ ಅನ್ನುವುದೇ ಅದರ ತಿರುಳು. ಅಂದಿನಿಂದ ಇಂದಿನವರೆಗೂ ನಮ್ಮ ವೇಗವನ್ನು ಹಿಡಿದಿಟ್ಟಿರುವುದು ಪಿನ್ನೇ.

ನೆಟ್‌ಲಿಸ್ಟ್ ಓದುಗ

ಲೆಕ್ಕ ಒಪ್ಪುತ್ತೇನೆ. ಆದರೆ ರೇಶಿಯೋ ಯಾರಿಗೆ ಎಷ್ಟು ಅಂತ ಹಂಚುವುದೇ ಸ್ಲ್ಯಾಕ್ (ಗಡುವಿಗೆ ಇನ್ನೂ ಉಳಿದಿರುವ ಸಮಯ) ನೋಡಿಕೊಂಡು. ಸ್ಲ್ಯಾಕ್ ಬರುವುದು ಡಿಲೇ ಅಂದಾಜಿನಿಂದ. 3 ನ್ಯಾನೋ ಸೆಕೆಂಡ್ ತಪ್ಪಿನಿಂದ 32ರ ರೇಶಿಯೋ ತಪ್ಪು ಸಿಗ್ನಲ್‌ಗೆ ಹೋದರೆ, ನಿಜವಾಗಿ ಅವಸರ ಇದ್ದ ಸಿಗ್ನಲ್‌ಗೆ 64 ಸಿಗುತ್ತದೆ. ಅಲ್ಲಿಗೆ 32 ನ್ಯಾನೋ ಸೆಕೆಂಡ್ ಕಳೆದುಕೊಂಡೆವು.

ಸ್ಲ್ಯಾಕ್ ಸೊನ್ನೆ

ಇಲ್ಲ, ಅಷ್ಟು ಕಳೆದುಕೊಳ್ಳುವುದಿಲ್ಲ. ಎರಡು ಪಾತ್ ತೆಗೆದುಕೊಳ್ಳಿ. 32 ಸಿಕ್ಕರೆ ಒಂದು 150, ಇನ್ನೊಂದು 147. ಇಬ್ಬರಲ್ಲಿ ಒಬ್ಬರಿಗೆ 64 ಹೋಗಲೇಬೇಕು. ಸರಿಯಾಗಿ ಕೊಟ್ಟರೆ ಕೆಟ್ಟ ಪಾತ್ 179. ತಪ್ಪಾಗಿ ಕೊಟ್ಟರೆ 182. ನಷ್ಟ ಮತ್ತೆ ಅದೇ 3.

ಇದನ್ನು ಸಾಮಾನ್ಯವಾಗಿಯೂ ತೋರಿಸಬಹುದು. ಯಾವ ಪಾತ್‌ನ ಅಂದಾಜೂ ಇಷ್ಟಕ್ಕಿಂತ ಹೆಚ್ಚು ತಪ್ಪಿಲ್ಲ ಅಂತಿದ್ದರೆ, ಆ ಅಂದಾಜು ನಂಬಿ ಮಾಡಿದ ಅತ್ಯುತ್ತಮ ಹಂಚಿಕೆ ನಿಜವಾದ ಅತ್ಯುತ್ತಮಕ್ಕಿಂತ ಆ ತಪ್ಪಿನ ಎರಡು ಪಟ್ಟು ಮೀರಿ ಕೆಡುವುದಿಲ್ಲ. ಸಣ್ಣ ತಪ್ಪು ಸಣ್ಣ ನಷ್ಟ.

ನೆಟ್‌ಲಿಸ್ಟ್ ಓದುಗ

ಹೌದು, ನೀವು ಹೇಳಿದ್ದು ಸರಿ. ಈ ಕೋನದಿಂದ ನಾನು ನೋಡಿರಲಿಲ್ಲ.

ಹಳೇ ರೂಟರ್

ಇಬ್ಬರ ಮಾತೂ ಓದಿದೆ. ಸ್ಲ್ಯಾಕ್ ಸೊನ್ನೆ ಅವರ ಗಣಿತ ಸರಿ. ಆದರೆ ಎರಡು ವಿಷಯ ಅದರಲ್ಲಿ ಸಿಕ್ಕಿಲ್ಲ.

ಒಂದು, ತಪ್ಪು ಸಣ್ಣದೇ ಇರುತ್ತದೆ ಅನ್ನುವ ನಂಬಿಕೆ. ನಮಗೆ ಬರುವ ಆರ್‌ಟಿಎಲ್ ಎಫ್‌ಪಿಜಿಎಗೆ ಅಂತ ಬರೆದದ್ದಲ್ಲ. ಚಿಪ್‌ಗೆ ಅಂತ ಬರೆದದ್ದು. ಅಲ್ಲಿ ಒಂದು ಸೈಕಲ್‌ನಲ್ಲಿ ಮುಗಿಯುವ ಲಾಜಿಕ್ ಇಲ್ಲಿ 60, 80 ಲೆವೆಲ್ ಆಗಿ ಬಿಚ್ಚಿಕೊಳ್ಳುತ್ತದೆ. ಆ ಎಫ್‌ಪಿಜಿಎ ಕಿಕ್ಕಿರಿದಿದ್ದರೆ ವೈರ್‌ಗಳು ಸುತ್ತು ಬಳಸಿ ಹೋಗುತ್ತವೆ. ದೊಡ್ಡ ಎಫ್‌ಪಿಜಿಎಗಳು ಒಂದೇ ಸಿಲಿಕಾನ್ ತುಂಡೂ ಅಲ್ಲ. ವಿಯು19ಪಿ ತೆಗೆದುಕೊಳ್ಳಿ. ಸುಮಾರು 90 ಲಕ್ಷ ಲಾಜಿಕ್ ಸೆಲ್ ಇರುವ ಚಿಪ್ ಅದು. ಒಳಗೆ ನಾಲ್ಕು ತುಂಡುಗಳನ್ನು ಪಕ್ಕಪಕ್ಕ ಕೂರಿಸಿದ್ದಾರೆ. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವ ವೈರ್‌ಗಳು ಎಣಿಕೆಯಷ್ಟೇ, ದಾಟಲು ಸಮಯವೂ ಬೇಕು. ಒಂದು ಪಾತ್ ಸುಮ್ನೆ ಮೂರು ಸಲ ಆಚೆ ಈಚೆ ದಾಟಿದರೆ ಫ್ಯಾನ್‌ಔಟ್ ಟೇಬಲ್‌ಗೆ ಅದರ ಸುಳಿವೂ ಸಿಗುವುದಿಲ್ಲ. ಇಂಥ ಕಡೆ ತಪ್ಪು 3 ಅಲ್ಲ, ಹತ್ತಾರು ನ್ಯಾನೋ ಸೆಕೆಂಡ್ ಆಗಬಹುದು.

ಎರಡನೆಯದು ಟೈಮಿಂಗ್ ಬಜೆಟ್. ನನಗೆ ಮುಖ್ಯ ಅನ್ನಿಸುವುದು ಇದೇ. ಅಂದಾಜು ಮುಗಿದ ಮೇಲೆ ನಾವು ಪ್ರತಿ ಎಫ್‌ಪಿಜಿಎಗೂ ಹೇಳುತ್ತೇವೆ: ಈ ತುಣುಕನ್ನು ಇಷ್ಟು ನ್ಯಾನೋ ಸೆಕೆಂಡ್ ಒಳಗೆ ಮುಗಿಸು. 13 ಬೇಕಿರುವ ಕಡೆ 10 ಕೊಟ್ಟರೆ ಟೂಲ್ ಇಡೀ ರಾತ್ರಿ ಗುದ್ದಾಡುತ್ತದೆ. ಆಗದ ಪಾತ್‌ಗಾಗಿ ಪಕ್ಕದ ಒಳ್ಳೆಯ ಪಾತ್‌ಗಳನ್ನೂ ಜರುಗಿಸಿ ಕೆಡಿಸುತ್ತದೆ. ಬೆಳಗ್ಗೆ ಬಂದು ನೋಡಿದರೆ ಒಂದು ಎಫ್‌ಪಿಜಿಎ ಫೇಲ್. ಇಲ್ಲಿ 3 ನ್ಯಾನೋ ಸೆಕೆಂಡ್ ತಪ್ಪಿಗೆ ಒಂದು ದಿನ ತೆರುತ್ತೇವೆ. ಮೆಗಾಹರ್ಟ್ಸ್ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ.

ಸ್ಲ್ಯಾಕ್ ಸೊನ್ನೆ

ಬಜೆಟ್ ವಿಷಯ ಒಪ್ಪಿದೆ. ನಾನು ಕೊನೆಯ ವೇಗವನ್ನಷ್ಟೇ ನೋಡುತ್ತಿದ್ದೆ.

ಅಂಕಿ ಹುಳು

ನಾನು ಮಷಿನ್ ಲರ್ನಿಂಗ್ ಕಡೆಯಿಂದ ಬಂದವನು, ಎರಡು ವರ್ಷ ಇಂಥದ್ದೇ ತಂಡದ ಜೊತೆ ಕೂತಿದ್ದೆ. ಮೂಲ ಪ್ರಶ್ನೆಗೆ ಬರುತ್ತೇನೆ. ಟ್ರೈನ್ ಮತ್ತು ಟೆಸ್ಟ್ ಅಂತ ಹೇಗೆ ಬೇರೆ ಮಾಡಿದಿರಿ? ಎಲ್ಲ ನೆಟ್‌ಗಳನ್ನು (ಒಂದು ಸೆಲ್‌ನಿಂದ ಮುಂದಿನದಕ್ಕೆ ಹೋಗುವ ಸಂಪರ್ಕಗಳನ್ನು) ಒಟ್ಟು ಕಲಸಿ ಯದ್ವಾತದ್ವಾ ಎತ್ತಿಟ್ಟಿರಾ?

ನೆಟ್‌ಲಿಸ್ಟ್ ಓದುಗ

ಹೌದು. 80-20 ಅಂತ.

ಅಂಕಿ ಹುಳು

ಅಲ್ಲೇ ಎಡವಿದ್ದು. ಒಂದು 64 ಬಿಟ್ ಬಸ್ ಇದೆ ಅನ್ನಿ. ಅದರ 64 ನೆಟ್‌ಗಳೂ ಅಕ್ಕ ತಂಗಿಯರ ಹಾಗೆ, ಒಂದೇ ಕಡೆಯಿಂದ ಹೊರಟು ಒಂದೇ ಕಡೆ ಸೇರುತ್ತವೆ. ಅದರಲ್ಲಿ 51 ಟ್ರೈನ್‌ಗೆ, 13 ಟೆಸ್ಟ್‌ಗೆ ಹೋದರೆ ಮಾಡೆಲ್ ಉತ್ತರ ನೋಡಿಕೊಂಡೇ ಪರೀಕ್ಷೆ ಬರೆದ ಹಾಗೆ. ಭಾಗ ಮಾಡುವಾಗ ಇಡೀ ಡಿಸೈನನ್ನೇ ಹೊರಗಿಡಬೇಕು. ಅದೇ ಡಿಸೈನ್‌ನ ಹಳೇ ಆವೃತ್ತಿ ಕೂಡ ಟ್ರೈನ್ ಕಡೆ ಇರಬಾರದು. ಹಾಗೆ ಅಳೆದಾಗ ಬರುವ ಅಂಕಿ ನೋಡಿ ಬೇಸರ ಆಗಬಹುದು. ಆದರೆ ಅದೇ ನಿಮ್ಮ ನಿಜವಾದ ಅಂಕಿ.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ನಿಮಗೆ ಬೇಕಿರುವುದು ಅತಿ ಕೆಟ್ಟ ಪಾತ್. ಸರಾಸರಿ ತಪ್ಪನ್ನು ಕಡಿಮೆ ಮಾಡಲು ಕಲಿತ ಮಾಡೆಲ್ ಎಲ್ಲವನ್ನೂ ಮಧ್ಯಕ್ಕೆ ಎಳೆಯುತ್ತದೆ. ಯಾವ ನೆಟ್ ಎಲ್ಲೋ ಸುತ್ತಿ 5 ನ್ಯಾನೋ ಸೆಕೆಂಡ್ ತೆಗೆದುಕೊಂಡಿತೋ ಅದಕ್ಕೂ 1.5 ಅನ್ನುತ್ತದೆ. ಲಕ್ಷಗಟ್ಟಲೆ ಪಾತ್‌ಗಳಲ್ಲಿ ನಿಜವಾಗಿ ಕೆಟ್ಟದ್ದು ಯಾವಾಗಲೂ ಇಂಥ ಅಪರೂಪದ ನೆಟ್‌ಗಳಿಂದಲೇ ಆಗಿರುತ್ತದೆ. ಹಾಗಾಗಿ ಕೆಟ್ಟದ್ದರ ಮೇಲಿನ ಅಂದಾಜು ಕಡಿಮೆಯ ಕಡೆಗೇ ವಾಲುತ್ತದೆ. ಮಾಡೆಲ್ ಕಲಿಯುವಾಗ ತಪ್ಪು ಅಳೆಯಲು ಕ್ವಾಂಟೈಲ್ ಲಾಸ್ ಬಳಸಿ. 0.9ಕ್ಕೆ ಇಟ್ಟರೆ ಕಡಿಮೆ ಹೇಳಿದ ತಪ್ಪಿಗೆ ಜಾಸ್ತಿ ಹೇಳಿದ ತಪ್ಪಿನ ಒಂಬತ್ತು ಪಟ್ಟು ದಂಡ ಬೀಳುತ್ತದೆ, ಹಾಗಾಗಿ ಹತ್ತರಲ್ಲಿ ಒಂಬತ್ತು ಸಲ ನಿಜವಾದ ಡಿಲೇ ಅಂದಾಜಿನೊಳಗೇ ಇರುವ ಹಾಗೆ ಮಾಡೆಲ್ ಕಲಿಯುತ್ತದೆ.

ಆದರೆ 28 ನೆಟ್‌ಗಳ 0.9 ಅಂದಾಜನ್ನು ಸುಮ್ಮನೆ ಕೂಡಿಸಬೇಡಿ. ಎಲ್ಲ ನೆಟ್‌ಗಳಿಗೂ ಒಟ್ಟಿಗೇ ಕೆಟ್ಟ ಕಾಲ ಬರುವುದಿಲ್ಲ. ಕೂಡಿಸಿದರೆ ಪಾತ್ ಸಿಕ್ಕಾಪಟ್ಟೆ ನಿಧಾನವಾಗಿ ಕಾಣುತ್ತದೆ. ನೆಟ್‌ಗೆ ಸರಾಸರಿ ಹೇಳಿಸಿ, ಎಫ್‌ಪಿಜಿಎ ಒಳಗಿನ ಒಂದು ಪೂರ್ತಿ ತುಣುಕಿಗೆ ಕ್ವಾಂಟೈಲ್ ಹೇಳಿಸುವುದು ವಾಸಿ. ಬಜೆಟ್ ಹೋಗುವುದೂ ಆ ತುಣುಕಿಗೇ ಅಲ್ವಾ?

ಹಳೇ ರೂಟರ್

ಇದಕ್ಕೆ ನನ್ನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಮಾಡೆಲ್ ಕಟ್ಟುವವರು ಬಹಳ ಮಂದಿ ಇಲ್ಲಿ ಜಾರುತ್ತಾರೆ.

ನೀವು ಕಲಿಸುತ್ತಿರುವ ಡಿಲೇ ಆ ನೆಟ್‌ನ ಹುಟ್ಟುಗುಣ ಅಲ್ಲ. ಟೂಲ್ ಅದನ್ನು ಎಷ್ಟು ಮುಖ್ಯ ಅಂದುಕೊಂಡಿತು ಅನ್ನುವುದರ ಫಲ. ರೂಟರ್ ಕೆಲಸ ಮಾಡುವ ರೀತಿಯೇ ಹಾಗೆ. ಕ್ರಿಟಿಕಲ್ ನೆಟ್‌ಗೆ ನೇರ ದಾರಿ ಕೊಡುತ್ತದೆ. ಪುರುಸೊತ್ತು ಇರುವ ನೆಟ್ಟನ್ನು ಸುತ್ತು ಹಾಕಿಸುತ್ತದೆ. ಹಾಗಾಗಿ ನಿಮ್ಮ ಡೇಟಾದಲ್ಲಿ ಉದ್ದ ಡಿಲೇ ಇರುವ ನೆಟ್‌ಗಳಲ್ಲಿ ಎಷ್ಟೋ ನಿಜವಾಗಿ ಕಷ್ಟದವಲ್ಲ. ಅವುಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಅಷ್ಟೇ. ನಾಳೆ ಅದೇ ನೆಟ್‌ಗೆ ಬಿಗಿ ಬಜೆಟ್ ಕೊಟ್ಟರೆ ಅರ್ಧ ಸಮಯದಲ್ಲಿ ಮುಗಿಸಬಹುದು. ಮಾಡೆಲ್ ಅದನ್ನು ನಿಧಾನ ಅಂತ ಕಲಿತಿರುತ್ತದೆ.

ದಾರಿ ಏನೆಂದರೆ, ಆ ಕಂಪೈಲ್‌ನಲ್ಲಿ ಅದಕ್ಕೆ ಎಷ್ಟು ಬಜೆಟ್ ಇತ್ತು, ಸ್ಲ್ಯಾಕ್ ಎಷ್ಟು ಉಳಿಯಿತು ಅನ್ನುವುದನ್ನೂ ದಾಖಲೆಯಲ್ಲಿ ಇಡಿ. ಸ್ಲ್ಯಾಕ್ ಧಾರಾಳವಾಗಿ ಉಳಿದ ನೆಟ್‌ಗಳನ್ನು ಬೇರೆ ಇಡಿ, ಇಲ್ಲವೇ ತೂಕ ಕಡಿಮೆ ಮಾಡಿ. ಬಿಗಿಯಾಗಿದ್ದಾಗ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದನ್ನು ಮಾಡೆಲ್ ಕಲಿಯಬೇಕು.

ನೆಟ್‌ಲಿಸ್ಟ್ ಓದುಗ

ಇದನ್ನು ಓದಿದ ಮೇಲೆ ಹೋಗಿ ಡೇಟಾ ತೆರೆದೆ. ಮೇಲಿನ ಐವತ್ತು ಕೆಟ್ಟ ತಪ್ಪುಗಳನ್ನು ಒಂದೊಂದಾಗಿ ಕೈಯಲ್ಲೇ ನೋಡಿದೆ. ಅರ್ಧ ದಿನ ಹಿಡಿಯಿತು.

ನೀವು ಹೇಳಿದ ಬಗೆಯವು ತುಂಬಾ ಇವೆ. ಡಿಬಗ್ ರಿಜಿಸ್ಟರ್‌ಗಳಿಗೆ ಹೋಗುವ ನೆಟ್‌ಗಳು ಚಿಪ್‌ನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿವೆ, ಸ್ಲ್ಯಾಕ್ ಬೇಕಾದಷ್ಟು ಉಳಿದಿದೆ.

ಇನ್ನೆರಡು ನನ್ನ ಕಣ್ಣಿಗೆ ಬಿದ್ದವು. ಒಂದು ರೀಸೆಟ್ ನೆಟ್. ಫ್ಯಾನ್‌ಔಟ್ 40 ಸಾವಿರದ ಮೇಲೆ. ಮಾಡೆಲ್ ಅದಕ್ಕೆ ಭಾರೀ ಡಿಲೇ ಹೇಳಿತ್ತು. ನಿಜದಲ್ಲಿ ಅದು ಸಣ್ಣದು. ಯಾಕೆ ಅಂತ ನೋಡಿದರೆ ಟೂಲ್ ಅದನ್ನು ಗ್ಲೋಬಲ್ ಬಫರ್ ಮೇಲೆ ಹತ್ತಿಸಿದೆ. ಕ್ಲಾಕ್ ಹೋಗುವ ಜಾಲದಲ್ಲೇ ಅದೂ ಹೋಗಿದೆ. ಅಲ್ಲಿ ಫ್ಯಾನ್‌ಔಟ್‌ಗೆ ಬೆಲೆಯೇ ಇಲ್ಲ. ಇನ್ನೊಂದು 64 ಬಿಟ್ ಆ್ಯಡರ್. ಎಂಟು ಕ್ಯಾರಿ ಬ್ಲಾಕ್‌ಗಳು ಒಂದರ ಮೇಲೊಂದು ಕೂತಿವೆ. ನನ್ನ ಕೋಡ್ ಅದನ್ನು ಎಂಟು ಲೆವೆಲ್ ಅಂತ ಎಣಿಸಿದೆ. ಕ್ಯಾರಿ ಒಂದು ಬ್ಲಾಕ್‌ನಿಂದ ಮೇಲಿನದಕ್ಕೆ ತನ್ನದೇ ಮೀಸಲು ತಂತಿಯಲ್ಲಿ ಹೋಗುತ್ತದೆ, ಸಾಮಾನ್ಯ ರೂಟಿಂಗ್‌ಗೆ ಇಳಿಯುವುದೇ ಇಲ್ಲ. ಎಂಟು ಸೇರಿದರೂ ಎರಡು ಮೂರು ಲಟ್ ಲೆವೆಲ್‌ಗಿಂತ ಜಾಸ್ತಿ ಆಗಿರಲಿಲ್ಲ.

ಇವೆರಡನ್ನೂ ಕಲಿಯಲು ಮಾಡೆಲ್ಲೇ ಬೇಕಿರಲಿಲ್ಲ. ಎಫ್‌ಪಿಜಿಎ ಗೊತ್ತಿರುವ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಅಂಕಿ ಹುಳು

ಆ ಅರ್ಧ ದಿನ ದೊಡ್ಡ ಕೆಲಸ ಮಾಡಿದಿರಿ. ಮಾಡೆಲ್ ಬದಲಿಸುವುದಕ್ಕಿಂತ ಇದರಿಂದ ಸಿಗುವ ಲಾಭ ಜಾಸ್ತಿ. ನಮ್ಮಲ್ಲೂ ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಹಾಕೋಣ ಅಂತ ಎಲ್ಲರಿಗೂ ಆಸೆ ಇತ್ತು. ಕೆಟ್ಟ ಫೀಚರ್ ಮೇಲೆ ಅದನ್ನು ಹಾಕಿದಾಗ ಏನೂ ಸುಧಾರಿಸಲಿಲ್ಲ.

ಕಲಿಯುವ ಹುಡುಗಿ

ಎಂಟೆಕ್ ಮಾಡುತ್ತಿದ್ದೇನೆ. ಈ ವಿಷಯದಲ್ಲೇ ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ. ಆದರೆ ನನ್ನ ಹತ್ತಿರ ಎಮ್ಯುಲೇಟರ್ ಇಲ್ಲ, ಕಂಪನಿಯ ಡೇಟಾ ಇಲ್ಲ. ಎಲ್ಲಿಂದ ಶುರು ಮಾಡಲಿ ಸರ್?

ಹಳೇ ರೂಟರ್

ವಿಟಿಆರ್ ಇಳಿಸಿಕೊಳ್ಳಮ್ಮ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಬೆಳೆದ ಓಪನ್ ಸೋರ್ಸ್ ಫ್ಲೋ ಅದು. ಪ್ಲೇಸ್ ಅಂಡ್ ರೂಟ್ ಮಾಡುವ ವಿಪಿಆರ್ ಅದರ ಒಳಗೇ ಇದೆ. ಟೈಟನ್ ಬೆಂಚ್‌ಮಾರ್ಕ್‌ಗಳು ಸಾಕಷ್ಟು ದೊಡ್ಡವು, ಅವನ್ನು ಓಡಿಸಿ ನಿಮ್ಮದೇ ಡೇಟಾ ಮಾಡಿಕೊಳ್ಳಬಹುದು.

ವಿಪಿಆರ್‌ನ ಪ್ಲೇಸರ್ ಡಿಲೇಯನ್ನು ಹೇಗೆ ಊಹಿಸುತ್ತದೆ ಅಂತ ಕೋಡ್ ತೆರೆದು ನೋಡಿ. ಅಡ್ಡ ಎಷ್ಟು ದೂರ, ಉದ್ದ ಎಷ್ಟು ದೂರ ಅನ್ನುವ ಎರಡೇ ಅಂಕಿಯ ಟೇಬಲ್. ಇನ್ನೂ ಏನೂ ರೂಟ್ ಆಗದ ಎಫ್‌ಪಿಜಿಎ ಮೇಲೆ ಮಾದರಿ ದಾರಿಗಳನ್ನು ಹುಡುಕಿ ಅದನ್ನು ತುಂಬುತ್ತದೆ. ಎಲ್ಲಿ ಕೂತಿದೆ ಅಂತ ಗೊತ್ತಿದ್ದರೆ ಈ ಟೇಬಲ್ ಚೆನ್ನಾಗಿಯೇ ಹೇಳುತ್ತದೆ. ನಿಮ್ಮ ಮಾಡೆಲ್ ಮೊದಲು ಇದನ್ನು ಗೆಲ್ಲಲಿ. ಪ್ಲೇಸ್ ಆಗುವ ಮೊದಲೇ ಊಹಿಸುವುದು ಇದಕ್ಕಿಂತ ಕಷ್ಟದ ಲೆಕ್ಕ. ಅದು ಎರಡನೇ ಹೆಜ್ಜೆ.

ಕಲಿಯುವ ಹುಡುಗಿ

ತುಂಬಾ ಧನ್ಯವಾದ ಸರ್. ಇವತ್ತೇ ಶುರು ಮಾಡುತ್ತೇನೆ.

ಸ್ಲ್ಯಾಕ್ ಸೊನ್ನೆ

ನಾನು ಮೊದಲು ಹೇಳಿದ ಟಿಡಿಎಂ ಕಡೆಯೂ ಆಸಕ್ತಿ ಇದ್ದರೆ, ಐಸಿಕ್ಯಾಡ್ (ಚಿಪ್ ವಿನ್ಯಾಸದ ಟೂಲ್‌ಗಳ ಸಮ್ಮೇಳನ) 2019ರ ಸ್ಪರ್ಧೆಯಲ್ಲಿ ಇದೇ ಸಮಸ್ಯೆ ಕೊಟ್ಟಿದ್ದರು. ಅಲ್ಲಿ ರೇಶಿಯೋಗಳು ಸಮಸಂಖ್ಯೆಯೇ ಆಗಿರಬೇಕು ಅನ್ನುವ ನಿಯಮ ಇತ್ತು. ಹುಡುಕಿ ಓದಿ.

ವೇವ್‌ಫಾರ್ಮ್

ಬಳಸುವವಳಾಗಿ ನನಗೊಂದು ಆತಂಕ. ಎಮ್ಯುಲೇಟರ್‌ನ ಕ್ಲಾಕ್ಕನ್ನೇ ನಾಳೆ ಯಾರೋ ಈ ಮಾಡೆಲ್ ಹೇಳಿದ ಅಂಕಿಯ ಮೇಲೆ ಇಟ್ಟುಬಿಟ್ಟರೆ? ಮಾಡೆಲ್ ಕಡಿಮೆ ಹೇಳಿ, ಸಿಗ್ನಲ್ ತಡವಾಗಿ ಬಂದು, ಸಿಗ್ನಲ್‌ನ ಬೆಲೆ ಹಿಡಿದಿಡುವ ಫ್ಲಾಪ್ ಹಳೇ ಬೆಲೆಯನ್ನೇ ಹಿಡಿದರೆ ನನಗದು ಡಿಸೈನ್ ಬಗ್ ಆಗಿ ಕಾಣುತ್ತದೆ. ಇಲ್ಲದ ಬಗ್ ಹುಡುಕುತ್ತಾ ವಾರ ಕಳೆಯುತ್ತೇನೆ. ಒಮ್ಮೆ ಕೇಬಲ್ ಟೈಮಿಂಗ್ ತಪ್ಪಿದ್ದಾಗ ನನಗೆ ಹೀಗೇ ಆಗಿದೆ. ಒಂದೇ ಟೆಸ್ಟ್ ಹತ್ತು ಸಲ ಓಡಿಸಿದರೆ ಎರಡು ಸಲ ಮಾತ್ರ ಫೇಲ್ ಆಗುತ್ತಿತ್ತು. ಆ ದಿನಗಳು ನನಗೆ ಮರೆತಿಲ್ಲ.

ಹಳೇ ರೂಟರ್

ಅದನ್ನು ಯಾರೂ ಮಾಡಬಾರದು. ಈ ವಿಷಯದಲ್ಲಿ ರಾಜಿ ಇಲ್ಲ. ರೂಟ್ ಆದ ಮೇಲೆ ಸ್ಟ್ಯಾಟಿಕ್ ಟೈಮಿಂಗ್ ಅನಾಲಿಸಿಸ್ ಇದ್ದೇ ಇದೆ. ಎಲ್ಲ ಎಫ್‌ಪಿಜಿಎಗಳ ನಿಜವಾದ ಡಿಲೇ, ಕೇಬಲ್ ಡಿಲೇ, ಟಿಡಿಎಂ ಎಲ್ಲ ಸೇರಿಸಿ ಕ್ಲಾಕ್ ಎಷ್ಟು ಅಂತ ಅದೇ ಹೇಳಬೇಕು. ಮಾಡೆಲ್‌ನ ಮಾತು ಹಂಚುವಾಗ, ಬಜೆಟ್ ಕೊಡುವಾಗ ಮಾತ್ರ ನಡೆಯಬೇಕು. ಅಲ್ಲಿ ಅದು ತಪ್ಪಿದರೆ ಎಮ್ಯುಲೇಟರ್ ನಿಧಾನ ಆಗುತ್ತದೆ, ಇಲ್ಲವೇ ಕಂಪೈಲ್ ಮತ್ತೆ ಓಡಿಸಬೇಕಾಗುತ್ತದೆ. ನಿಮ್ಮ ಟೆಸ್ಟ್‌ನ ಉತ್ತರ ಮಾತ್ರ ಕೆಡುವುದಿಲ್ಲ.

ನೆಟ್‌ಲಿಸ್ಟ್ ಓದುಗ

ಎರಡು ವಾರ ಬಿಟ್ಟು ಬಂದಿದ್ದೇನೆ. ಮಾಡಿದ್ದನ್ನು ಹೇಳುತ್ತೇನೆ.

ಡಿಸೈನ್ ಪ್ರಕಾರ ಡೇಟಾ ಬೇರೆ ಮಾಡಿದೆ. ಗ್ಲೋಬಲ್ ಬಫರ್‌ಗೆ ಹೋಗುವ ನೆಟ್‌ಗಳನ್ನೂ ಕ್ಯಾರಿ ಸರಪಳಿಗಳನ್ನೂ ಮಾಡೆಲ್‌ನಿಂದ ಹೊರಗೆ ತೆಗೆದು ನೇರ ಅಂಕಿ ಕೊಟ್ಟೆ. ಸ್ಲ್ಯಾಕ್ ಧಾರಾಳವಾಗಿದ್ದ ನೆಟ್‌ಗಳ ತೂಕ ಇಳಿಸಿದೆ. ಸರಾಸರಿ ತಪ್ಪು ನೋಡುವುದನ್ನು ಬಿಟ್ಟು, ನಿಜವಾದ ಮೊದಲ 1000 ಕೆಟ್ಟ ಪಾತ್‌ಗಳಲ್ಲಿ ಎಷ್ಟು ನನ್ನ ಮೊದಲ 1000ದಲ್ಲಿ ಇವೆ ಅಂತ ಎಣಿಸಲು ಶುರು ಮಾಡಿದೆ. ಹೊರಗಿಟ್ಟ ಡಿಸೈನ್ ಮೇಲೆ ಈಗ ಹಳೇ ಟೇಬಲ್‌ಗಿಂತ ಸ್ಪಷ್ಟವಾಗಿ ಮುಂದಿದೆ. ಬಿಗಿ ಬಜೆಟ್ ಸಿಕ್ಕಿ ಗುದ್ದಾಡುತ್ತಿದ್ದ ಎಫ್‌ಪಿಜಿಎಗಳು ಕಡಿಮೆಯಾಗಿವೆ. ಎಮ್ಯುಲೇಟರ್ ವೇಗ ಹೆಚ್ಚು ಕಡಿಮೆ ಮೊದಲಿನಷ್ಟೇ ಇದೆ. ಸ್ಲ್ಯಾಕ್ ಸೊನ್ನೆ ಅವರ ಲೆಕ್ಕ ಹೇಳಿದ ಹಾಗೇ ಆಯಿತು.

ಈಗ ಇನ್ನೊಂದು ಕಗ್ಗಂಟು. ಕೆಲವು ತುಣುಕುಗಳಲ್ಲಿ ಏನು ಮಾಡಿದರೂ ತಪ್ಪು ಇಳಿಯುತ್ತಿಲ್ಲ. ಇನ್ನಷ್ಟು ಫೀಚರ್ ಸೇರಿಸಲೋ, ಇಲ್ಲಿಗೆ ನಿಲ್ಲಿಸಲೋ ಗೊತ್ತಾಗುತ್ತಿಲ್ಲ.

ಹಳೇ ರೂಟರ್

ಒಂದು ಎಫ್‌ಪಿಜಿಎ ಆರಿಸಿಕೊಳ್ಳಿ. ಅದೇ ನೆಟ್‌ಲಿಸ್ಟ್, ಅದೇ ಬಜೆಟ್. ಪ್ಲೇಸ್‌ಮೆಂಟ್‌ನ ಸೀಡ್ (ಟೂಲ್ ಯಾದೃಚ್ಛಿಕವಾಗಿ ಶುರು ಮಾಡುವ ಅಂಕಿ) ಮಾತ್ರ ಬದಲಿಸಿ, ಸೀಡ್ ಕೊಡಲು ಬಿಡದ ಟೂಲ್ ಆದರೆ ಸ್ಟ್ರ್ಯಾಟಜಿ ಬದಲಿಸಿ, ಐದು ಸಲ ಓಡಿಸಿ. ಒಂದೇ ತುಣುಕು ಐದು ಸಲದಲ್ಲಿ ಎಷ್ಟು ಹಿಂದೆ ಮುಂದೆ ಆಗುತ್ತದೆ ಅಂತ ನೋಡಿ. ಟೂಲ್‌ಗೇ ಅಷ್ಟು ಅಲುಗಾಟ ಇದ್ದರೆ ಯಾವ ಮಾಡೆಲ್ಲೂ ಅದಕ್ಕಿಂತ ಕೆಳಗೆ ಇಳಿಯಲಾರದು. ನಿಮ್ಮ ತಪ್ಪು ಆಗಲೇ ಆ ಮಟ್ಟಕ್ಕೆ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಮೇಲಿದ್ದರೆ ಆ ತುಣುಕುಗಳ ಪಟ್ಟಿ ಇಲ್ಲಿ ಹಾಕಿ, ಕೂತು ನೋಡೋಣ.

ನೆಟ್‌ಲಿಸ್ಟ್ ಓದುಗ

ಐದೂ ಈಗ ಹಚ್ಚಿದೆ. ನಾಳೆ ಬೆಳಗ್ಗೆ ಅಂಕಿ ಹಾಕುತ್ತೇನೆ.